ತಿಂಡಿ ತಟ್ಟೆಯಲ್ಲಷ್ಟೇ ಇಲ್ಲ ಸತ್ಕಾರ

ಕಾಲಿಂಗ್ ಬೆಲ್ ಸದ್ದು. ಬಾಗಿಲು ತೆರೆದರೆ ಊರಿನಿಂದ ಬಂದ ಚಿಕ್ಕಮ್ಮ. ‘ಬನ್ನಿ, ಬನ್ನಿ’ ಎಂದು ಬಾಯಿ ಹೇಳುತ್ತಿದ್ದರೂ ಮನಸ್ಸು ಆಗಲೇ ಅಡುಗೆಮನೆ ಸೇರಿರುತ್ತದೆ. ಹಾಲಿದೆಯಾ? ಸೋಫಾ ಮೇಲಿನ ಬಟ್ಟೆ ರಾಶಿ ಎಲ್ಲಿ ಬಚ್ಚಿಡೋದು? ಮುಂದಿನ ಒಂದು ಗಂಟೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಅಂತ ನೀವು ಒಳಗೆ; ಟೀವಿ ನೋಡುತ್ತಾ ಚಿಕ್ಕಮ್ಮ ಹೊರಗೆ. ‘ಹೊರಡ್ತೀನಮ್ಮಾ’ ಎಂದು ಅವರು ಎದ್ದಾಗಲೇ ನೆನಪಾಗೋದು, ಮಂಡಿನೋವು ಹೇಗಿದೆ ಎಂದು ಕೇಳಲೇ ಇಲ್ಲವಲ್ಲ!

ಮನೆಗೆ ಬಂದವರ ಕ್ಷೇಮ ವಿಚಾರಿಸುವುದು, ಕುಳ್ಳಿರಿಸುವುದು, ಜತೆಯಲ್ಲಿ ಮಾತನಾಡುವುದು - 12ನೇ ಶತಮಾನದ ಬಸವಣ್ಣನವರ ವಚನವೊಂದು ಇಷ್ಟನ್ನೇ ಹೇಳುತ್ತದೆ. ಅದರಲ್ಲಿ ಭಕ್ಷ್ಯ ಭೋಜನದ ಮಾತೇ ಇಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲೂ ಬಿಸಿಲಲ್ಲಿ ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಬೆಲ್ಲ-ನೀರು. ಅವರು ಕೂತು ಸುಧಾರಿಸಿಕೊಂಡ ಮೇಲಷ್ಟೇ ಉಳಿದದ್ದು. ಫ್ಲ್ಯಾಟಿನ ಬದುಕಿಗೂ ಈ ಕ್ರಮ ಚೆನ್ನಾಗಿಯೇ ಒಗ್ಗುತ್ತದೆ.

ಒತ್ತಾಯ ಬೇಡ

‘ಒಂದೇ ಒಂದು ಹೋಳಿಗೆ, ಏನೂ ಆಗಲ್ಲ’ ಎಂದು ಬಡಿಸಿಬಿಡುವುದು ನಮಗೆ ಪ್ರೀತಿ. ತಿನ್ನುವವರಿಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಎಲ್ಲರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ‘ಊಟ ತನ್ನಿಚ್ಛೆ’ ಎಂದು ಗಾದೆಯೇ ಇದೆ. ‘ಕಾಫಿಗೆ ಸಕ್ಕರೆ ಎಷ್ಟು?’ ಎಂದು ಕೇಳುವುದು ಅವಮಾನವಲ್ಲ, ಕಾಳಜಿ.

ಕುಂಕುಮದ ತಟ್ಟೆ ಹಿಡಿದಾಗ

ಹೊರಟ ಹೆಂಗಸರಿಗೆ ಅರಿಶಿನ-ಕುಂಕುಮ, ಹೂವು ಕೊಡುವುದು ನಮ್ಮ ಪದ್ಧತಿ. ಸಾಲಿನಲ್ಲಿ ಗಂಡನನ್ನು ಕಳೆದುಕೊಂಡ ಅತ್ತಿಗೆಯೋ, ಅತ್ತೆಯೋ ಕೂತಿದ್ದರೆ ತಟ್ಟೆ ಅವರನ್ನು ದಾಟಿ ಮುಂದೆ ಹೋಗುತ್ತದೆ. ಅಷ್ಟು ಹೊತ್ತಿನ ಉಪಚಾರವೆಲ್ಲ ಆ ಒಂದು ಕ್ಷಣದಲ್ಲಿ ಮಣ್ಣುಪಾಲು. ‘ತೊಗೊಳ್ಳಿ ಅತ್ತಿಗೆ’ ಎಂದು ತಟ್ಟೆಯನ್ನು ಅವರ ಮುಂದೆಯೂ ಹಿಡಿಯಿರಿ. ತೆಗೆದುಕೊಳ್ಳುವುದು, ಬಿಡುವುದು ಅವರ ಇಷ್ಟ. ಹಿರಿಯರು ಹುಬ್ಬು ಗಂಟಿಕ್ಕಿದರೆ ಜಗಳ ಬೇಡ. ಹೂವು-ಹಣ್ಣು, ರವಿಕೆ ಬಟ್ಟೆಯನ್ನಾದರೂ ಎಲ್ಲರಿಗೂ ಒಂದೇ ರೀತಿ ಕೊಡಿ.

ಬೇರೆ ಲೋಟ ಯಾಕೆ?

ಸಿಲಿಂಡರ್ ಹೊತ್ತು ತಂದವರು, ಪಾರ್ಸೆಲ್ ಕೊಡಲು ಬಂದ ಹುಡುಗ, ದಿನವೂ ಪಾತ್ರೆ ತೊಳೆಯುವಾಕೆ - ಇವರೂ ನಮ್ಮ ಹೊಸ್ತಿಲಿಗೆ ಬಂದವರೇ. ಮನೆಗೆಲಸದವರಿಗೆಂದು ಮೂಲೆಯಲ್ಲಿ ಬೇರೆ ಲೋಟ ಇಟ್ಟು, ನೆಂಟರಿಗೆ ಬೆಳ್ಳಿ ತಟ್ಟೆ ಇಟ್ಟರೆ ಮಕ್ಕಳು ಕಲಿಯುವುದು ಸತ್ಕಾರವನ್ನಲ್ಲ, ಭೇದವನ್ನು. ಬೇಸಿಗೆಯ ಮಧ್ಯಾಹ್ನ ಒಂದು ಲೋಟ ನೀರಿಗೆ ಎಷ್ಟು ಖರ್ಚಾದೀತು?

ನೀವೂ ಬಂದು ಕೂರಿ

ನೆಂಟರು ಬರೋದು ಮನೆಗೆ, ಬರೀ ನಿಮ್ಮ ಅಡುಗೆಮನೆಗಲ್ಲ. ಕಾಫಿ ಸೋಸಿ ತರುವುದು ಯಜಮಾನರಿಗೂ ಬರುತ್ತದೆ, ನೀರು ಕೊಡುವುದು ಮಗನಿಗೂ ಬರುತ್ತದೆ. ಮಗಳನ್ನೇ ಕೂಗಬೇಕಿಲ್ಲ. ಇನ್ನೊಂದು ಮಾತು: ಅವರ ಕಡೆಯವರು ಬಂದರೆ ಪಾಯಸ, ನಿಮ್ಮ ತವರಿನವರು ಬಂದರೆ ಬರೀ ಅನ್ನ-ಸಾರು ಎಂಬ ಲೆಕ್ಕ ಮನೆಯಲ್ಲಿದ್ದರೆ, ನೆಂಟರಿಲ್ಲದ ಹೊತ್ತಿನಲ್ಲಿ ಯಜಮಾನರ ಜತೆ ನಿಧಾನವಾಗಿ ಮಾತಾಡಿ ಸರಿಮಾಡಿಕೊಳ್ಳಿ.

ಇವು ನೆನಪಿರಲಿ

* ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ ಡಬ್ಬಿಯಲ್ಲಿರಲಿ. ಒಗ್ಗರಣೆ ಅವಲಕ್ಕಿಗೆ ಹತ್ತು ನಿಮಿಷ ಸಾಕು.

* ಉಳಿಯಲು ಬಂದವರಿಗೆ ಬಚ್ಚಲುಮನೆ, ಗೀಸರ್ ಸ್ವಿಚ್ ತೋರಿಸಿ, ಒಗೆದ ಟವೆಲ್ ಕೊಡಿ.

* ವಯಸ್ಸಾದವರು ರಾತ್ರಿ ಏಳುತ್ತಾರೆ. ಸಣ್ಣ ದೀಪ, ಕುಡಿಯುವ ನೀರು ಹತ್ತಿರವಿರಲಿ.

* ಅವರೆದುರು ಮೊಬೈಲ್ ಪಕ್ಕಕ್ಕಿಡಿ.

* ಅಂದು ನಿಮಗೆ ಆಗದಿದ್ದರೆ ‘ಈವತ್ತು ಹುಷಾರಿಲ್ಲ, ಭಾನುವಾರ ಬನ್ನಿ’ ಎಂದು ಹೇಳಿ. ಮುಖ ಗಂಟು ಹಾಕಿಕೊಂಡು ಬಡಿಸುವುದಕ್ಕಿಂತ ಅದೇ ಮೇಲು.

ಕೇಸರಿಬಾತಿಗೆ ದ್ರಾಕ್ಷಿ ಹಾಕಿದ್ದಿರೋ ಇಲ್ಲವೋ ಯಾರಿಗೂ ನೆನಪಿರುವುದಿಲ್ಲ. ಗೇಟಿನವರೆಗೂ ಬಂದು, ಆಟೋ ತಿರುಗುವವರೆಗೂ ನಿಂತಿದ್ದಿರಿ ಎಂಬುದು ಮಾತ್ರ ಬಹುಕಾಲ ನೆನಪಿರುತ್ತದೆ.