ಮೂರನೇ ಸಾಲಿನಲ್ಲಿ ಕೂರುವವರು ಯಾರು?

ಅಂಬಾಸಡರ್ ಕಾರಿನಲ್ಲಿ ಎಷ್ಟು ಜನ ಕೂರಬಹುದು? ನೋಂದಣಿ ಪುಸ್ತಕ ಚಾಲಕನೂ ಸೇರಿ ಐದು ಎನ್ನುತ್ತದೆ. ಆ ಕಾರಿನಲ್ಲಿ ಮದುವೆ ದಿಬ್ಬಣಕ್ಕೆ ಹೋಗಿಬಂದವರು ಎಂಟು, ಒಂಬತ್ತು ಎನ್ನುತ್ತಾರೆ. ಅದಕ್ಕೆ ‘ಮಕ್ಕಳನ್ನು ಬಿಟ್ಟು’ ಎಂಬ ಮಾತನ್ನೂ ಸೇರಿಸುತ್ತಾರೆ. ಮಕ್ಕಳು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವರು ತೊಡೆಯ ಮೇಲೆ, ಇಲ್ಲವೇ ಎರಡು ಸೀಟುಗಳ ನಡುವಿನ ಸಂದಿಯಲ್ಲಿ ನಿಂತು ಬರುವವರು.

ಪುಸ್ತಕದ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ಇದ್ದ ಈ ಅಂತರವೇ ನಮ್ಮ ದೇಶದಲ್ಲಿ ‘ದೊಡ್ಡ ಕುಟುಂಬದ ಗಾಡಿ’ಯನ್ನು ಹುಟ್ಟಿಸಿತು. ಇಂದು ಏಳು ಸೀಟಿನ ಕಾರು ಕೊಳ್ಳಲು ಹೊರಟವರ ತಲೆನೋವಿನ ಮೂಲವೂ ಅದೇ. ಕಂಪನಿಗಳು ಸೀಟುಗಳನ್ನು ಎಣಿಸಿ ಮಾರುತ್ತವೆ. ಕೊಳ್ಳುವವರು ಎಣಿಸಬೇಕಾದದ್ದು ಮನುಷ್ಯರನ್ನು.

ಬೆಂಚಿನ ಕಾಲ

ಕಾರು ಬರುವ ಮೊದಲು ಜಾತ್ರೆಗೆ, ನೆಂಟರ ಮನೆಗೆ ಕುಟುಂಬವನ್ನು ಒಯ್ಯುತ್ತಿದ್ದದ್ದು ಮೈಸೂರು ಸೀಮೆಯಲ್ಲಿ ಕಮಾನು ಗಾಡಿ, ಉತ್ತರ ಕರ್ನಾಟಕದಲ್ಲಿ ಚಕ್ಕಡಿ. ಗಾಡಿಯಲ್ಲಿ ಸೀಟು ಎಂಬುದೇ ಇರಲಿಲ್ಲ. ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿದರೆ ಹಿಡಿಸಿದಷ್ಟು ಜನ ಕೂರುತ್ತಿದ್ದರು. ಮುದುಕರಿಗೆ ಒರಗಲು ಜಾಗ, ಮಕ್ಕಳಿಗೆ ಮಲಗಲು ಜಾಗ. ಎತ್ತುಗಳ ವೇಗದಲ್ಲಿ ಅಪಾಯದ ಮಾತೂ ಹೆಚ್ಚಿರಲಿಲ್ಲ.

ಈ ಅಭ್ಯಾಸಕ್ಕೆ ಸರಿಯಾಗಿ ಒದಗಿಬಂದ ಕಾರು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸತೊಡಗಿತು. 2014ರವರೆಗೆ ಅದು ಅಲ್ಲಿ ತಯಾರಾಗುತ್ತಲೇ ಇತ್ತು. ಮುಂದಿನ ಸೀಟೂ ಒಂದೇ ಬೆಂಚು. ಗೇರ್ ಹಿಡಿ ನೆಲದಲ್ಲಿರದೆ ಸ್ಟೀರಿಂಗ್ ಕಂಬಕ್ಕೆ ಅಂಟಿಕೊಂಡಿದ್ದುದರಿಂದ ಚಾಲಕನ ಪಕ್ಕದಲ್ಲಿ ಇಬ್ಬರು ಧಾರಾಳವಾಗಿ ಕೂರಬಹುದಿತ್ತು. ದೊಡ್ಡ ಡಿಕ್ಕಿಯಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ತಿಂಡಿಯ ಡಬ್ಬಗಳೆಲ್ಲ ಹಿಡಿಸುತ್ತಿದ್ದವು. ಪರವಾನಗಿ ಪದ್ಧತಿಯ ಆ ದಿನಗಳಲ್ಲಿ ದೇಶದಲ್ಲಿ ತಯಾರಾಗುತ್ತಿದ್ದದ್ದು ಬೆರಳೆಣಿಕೆಯ ಕಾರುಗಳು. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಆಯ್ಕೆಯ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮನೆಯವರೆಲ್ಲ ಒಟ್ಟಿಗೆ ಹೊರಡಬೇಕಾದರೆ ಬಸ್ಸು, ಇಲ್ಲವೇ ಬಾಡಿಗೆಯ ಮೆಟಡೋರ್ ವ್ಯಾನು.

ವ್ಯಾನು, ಟ್ರ್ಯಾಕ್ಸು, ಸುಮೊ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸರಿಯಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ 796 ಸಿಸಿ ಎಂಜಿನ್ ಹೊತ್ತ ಮಾರುತಿ ವ್ಯಾನ್ ಬಂತು. ಮುಂದೆ ಅದರ ಹೆಸರು ಓಮ್ನಿ ಎಂದಾಯಿತು. ಎಂಜಿನ್ ಮುಂದಿನ ಸೀಟುಗಳ ಅಡಿಗೆ ಸರಿದಿದ್ದರಿಂದ ಗಾಡಿಗೆ ಮೂತಿಯೇ ಇರಲಿಲ್ಲ. ಇದ್ದ ಉದ್ದವೆಲ್ಲ ಒಳಗಿನ ಜಾಗವೇ ಆಯಿತು. ಪಕ್ಕಕ್ಕೆ ಸರಿಯುವ ಬಾಗಿಲು, ಕೈಗೆಟುಕುವ ಬೆಲೆ, ಎಂಟು ಜನರ ಮಾದರಿ. ಸಣ್ಣ ವ್ಯಾಪಾರಿಯೊಬ್ಬ ಬೆಳಿಗ್ಗೆ ಸರಕು ತಂದು, ಸಂಜೆ ಅದೇ ಗಾಡಿಯಲ್ಲಿ ಮನೆಮಂದಿಯನ್ನು ದೇವಸ್ಥಾನಕ್ಕೆ ಕರೆದೊಯ್ಯಬಹುದಿತ್ತು. ಸಿನಿಮಾದ ಖಳರು ಅಪಹರಣಕ್ಕೆ ಇದನ್ನೇ ಬಳಸಿದ್ದು ಬೇರೆ ಮಾತು. 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಓಮ್ನಿಗೆ ಗಿರಾಕಿಗಳಿದ್ದರು. ಆದರೆ ಜಾಗ ಸಿಕ್ಕಿದ್ದು ಪುಕ್ಕಟೆಯಾಗಿ ಅಲ್ಲ. ಮೂತಿಯಿಲ್ಲದ ಗಾಡಿ ಎದುರಿನಿಂದ ಡಿಕ್ಕಿ ಹೊಡೆದರೆ ಪೆಟ್ಟನ್ನು ಮೊದಲು ತಡೆಯುವುದು ಮುಂದೆ ಕುಳಿತವರ ಕಾಲುಗಳೇ.

ಹಳ್ಳಿಗಾಡಿನ ರಸ್ತೆಗಳಿಗೆ ಬಜಾಜ್ ಟೆಂಪೊ ಕಂಪನಿಯ ಟ್ರ್ಯಾಕ್ಸ್ ಬಂತು. 1994ರಲ್ಲಿ ಟಾಟಾ ಸುಮೊ ಬಂತು. ಸುಮೊ ಎಂದರೆ ಜಪಾನಿನ ಕುಸ್ತಿಪಟುಗಳ ನೆನಪಾಗುವುದು ಸಹಜ. ಆದರೆ ಅದು ಟೆಲ್ಕೊ ಕಂಪನಿಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಹತ್ತು ಜನರ ಈ ಗಾಡಿ ಕೂಡು ಕುಟುಂಬಕ್ಕೂ ಟ್ಯಾಕ್ಸಿಯವರಿಗೂ ಒಟ್ಟಿಗೇ ಹಿಡಿಸಿತು.

ಹತ್ತು ಜನ ಹಿಡಿಸುತ್ತಿದ್ದ ಬಗೆಯನ್ನು ಮಾತ್ರ ಗಮನಿಸಬೇಕು. ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಚಿಕ್ಕ ಬೆಂಚುಗಳು. ಅಲ್ಲಿ ಕುಳಿತವರು ಹೋಗುವ ದಾರಿಗೆ ಅಡ್ಡಲಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕು. ಘಟ್ಟದ ತಿರುವುಗಳಲ್ಲಿ ಒಬ್ಬರ ಮೇಲೊಬ್ಬರು ವಾಲಬೇಕು. ವಾಂತಿಗೆ ನಿಂಬೆಹಣ್ಣು ಹಿಡಿದುಕೊಂಡು ಕೂರುತ್ತಿದ್ದವರು ಹೆಚ್ಚಾಗಿ ಅಲ್ಲಿಯವರೇ. ಆ ಜಾಗ ಸಾಮಾನ್ಯವಾಗಿ ಮಕ್ಕಳಿಗೆ, ಮನೆಗೆಲಸದವರಿಗೆ, ಕೊನೆಗೆ ಬಂದು ಸೇರಿಕೊಂಡ ನೆಂಟರಿಗೆ ಮೀಸಲು. ಮುಂದಿನ ಸೀಟು ಯಜಮಾನರದು. ಗಾಡಿಯೊಳಗಿನ ಸಾಲುಗಳು ಮನೆಯೊಳಗಿನ ಪಂಕ್ತಿಯನ್ನೇ ಹೋಲುತ್ತಿದ್ದವು.

ಬಿಡದಿಯಿಂದ ಬಂದ ಗಾಡಿ

ಈ ಕತೆಗೆ ತಿರುವು ಕೊಟ್ಟದ್ದು ಬೆಂಗಳೂರು-ಮೈಸೂರು ರಸ್ತೆಯ ಬಿಡದಿ. ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹ ಸೇರಿ 1997ರಲ್ಲಿ ಸ್ಥಾಪಿಸಿದ ಕಂಪನಿ ಇಲ್ಲಿ ಕಾರ್ಖಾನೆ ಕಟ್ಟಿತು. 2000ದ ಆರಂಭದಲ್ಲಿ ಅಲ್ಲಿಂದ ಹೊರಬಂದ ಮೊದಲ ಗಾಡಿ ಕ್ವಾಲಿಸ್. ಅದರ ಮೂಲ ಇಂಡೋನೇಷ್ಯಾದಲ್ಲಿದೆ. ಆ ದೇಶದ ದೊಡ್ಡ ಕುಟುಂಬಗಳನ್ನೂ ಕೆಟ್ಟ ರಸ್ತೆಗಳನ್ನೂ ಗಮನದಲ್ಲಿಟ್ಟು ಟೊಯೊಟಾ 1977ರಿಂದ ‘ಕಿಜಾಂಗ್’ ಎಂಬ ಗಾಡಿಯನ್ನು ಮಾರುತ್ತಿತ್ತು. ಅಲ್ಲಿನ ಭಾಷೆಯಲ್ಲಿ ಅದು ಜಿಂಕೆಯ ಒಂದು ಜಾತಿಯ ಹೆಸರು. ಅದರ ಮೂರನೇ ತಲೆಮಾರಿಗೆ ಹೊಸ ವೇಷ ತೊಡಿಸಿದಾಗ ನಮ್ಮ ಕ್ವಾಲಿಸ್ ಆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ರಾತ್ರಿ ಪಾಳಿಯವರನ್ನು ಮನೆ ಸೇರಿಸಿದ ಗಾಡಿಯೂ ಇದೇ.

ಕ್ವಾಲಿಸ್ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಏಳು-ಎಂಟು ಜನರ ಈ ಗಾಡಿಯಲ್ಲಿ ಮೂರು ಸಾಲೂ ಮುಂದಕ್ಕೇ ಮುಖ ಮಾಡಿದ್ದವು. ಕೊನೆಯ ಸಾಲಿನಲ್ಲಿ ಕುಳಿತವರೂ ರಸ್ತೆಯನ್ನು ನೋಡಿಕೊಂಡು, ಬೆನ್ನಿಗೆ ಆಸರೆ ಇಟ್ಟುಕೊಂಡು ಪಯಣಿಸಬಹುದೆಂದು ಜನ ಅರಿತದ್ದು ಬಹುಮಟ್ಟಿಗೆ ಇದರಿಂದ. ಅಡ್ಡಬೆಂಚುಗಳ ಕಾಲ ಮುಗಿಯುತ್ತಾ ಬಂತು. ಆದರೆ ಇನ್ನೋವಾದ ಬೆಲೆ ತಲೆಮಾರಿನಿಂದ ತಲೆಮಾರಿಗೆ ಏರಿತು. ಅದು ಮೇಷ್ಟರ, ಗುಮಾಸ್ತರ ಕೈಗೆ ಎಟುಕುವ ಗಾಡಿಯಾಗಿ ಉಳಿಯಲಿಲ್ಲ.

ನಾಲ್ಕು ಮೀಟರಿನ ಗೆರೆ

ಅಗ್ಗದ ಬೆಲೆಗೆ ಮೂರು ಸಾಲು ಏಕೆ ಸುಲಭವಾಗಿ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ತೆರಿಗೆಯಲ್ಲಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯಿತು. ಸಣ್ಣದು ಎಂದರೆ ನಾಲ್ಕು ಮೀಟರು ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್. ಹೆಸರು ಬದಲಾಗಿ ಜಿಎಸ್‌ಟಿ ಬಂದರೂ ಈ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ ಗೆರೆಯೊಳಗಿನ ಕಾರಿಗೆ ಶೇಕಡಾ 18, ಗೆರೆ ದಾಟಿದ್ದಕ್ಕೆ ಶೇಕಡಾ 40. ಈ ಲೆಕ್ಕದಲ್ಲಿ ಉದ್ದವೂ ಎಂಜಿನ್ನೂ ಬರುತ್ತವೆ, ಒಳಗೆ ಕೂರುವ ಜನರ ಸಂಖ್ಯೆ ಬರುವುದಿಲ್ಲ. ಇದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಗಾಡಿಯ ಬೆಲೆ ಹತ್ತು ಲಕ್ಷ ದಾಟಿದರೆ ಅದರ ದರವೂ ಒಂದು ಮೆಟ್ಟಿಲು ಏರುತ್ತದೆ.

ಗೆರೆಯ ಎರಡು ಬದಿಯಲ್ಲಿ ನಿಂತಿರುವ ಎರಡು ಗಾಡಿಗಳನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾರುತಿ ಎರ್ಟಿಗಾ 2012ರಲ್ಲಿ ಬಂದದ್ದು. 2018ರಲ್ಲಿ ಬಂದ ಅದರ ಎರಡನೇ ತಲೆಮಾರಿನ ಉದ್ದ 4395 ಮಿಲಿಮೀಟರ್, ಎಂಜಿನ್ 1462 ಸಿಸಿ. 2019ರಲ್ಲಿ ಬಂದ ರೆನೊ ಟ್ರೈಬರ್‌ನ ಉದ್ದ 3990 ಮಿಲಿಮೀಟರ್, ಎಂಜಿನ್ 999 ಸಿಸಿ. ಗೆರೆಗೆ ಬರಿಯ ಒಂದು ಸೆಂಟಿಮೀಟರ್ ಈಚೆಗೆ. ಎರಡರಲ್ಲೂ ಏಳು ಸೀಟು. 2025ರ ತೆರಿಗೆ ಬದಲಾವಣೆಯ ನಂತರ ಟ್ರೈಬರ್‌ನ ಆರಂಭಿಕ ಷೋರೂಂ ಬೆಲೆ ಆರು ಲಕ್ಷದೊಳಗೆ ಇಳಿಯಿತು. ಎರ್ಟಿಗಾದ್ದು ಒಂಬತ್ತು ಲಕ್ಷದ ಸಮೀಪ ನಿಂತಿತು.

ಹಾಗಾದರೆ ನಲವತ್ತು ಸೆಂಟಿಮೀಟರ್ ಉದ್ದ ಏನು ಕೊಡುತ್ತದೆ? ಡಿಕ್ಕಿಯನ್ನು ನೋಡಬೇಕು. ಏಳೂ ಜನ ಕುಳಿತಾಗ ಟ್ರೈಬರ್‌ನಲ್ಲಿ ಲಗೇಜಿಗೆ ಉಳಿಯುವುದು 84 ಲೀಟರ್ ಜಾಗ. ಎರ್ಟಿಗಾದಲ್ಲಿ 209 ಲೀಟರ್. ಮೊದಲನೆಯದರಲ್ಲಿ ಒಂದೆರಡು ಕೈಚೀಲ, ಎರಡನೆಯದರಲ್ಲಿ ಸೂಟ್‌ಕೇಸುಗಳೂ ಹಿಡಿಸುತ್ತವೆ. ಆದರೆ ಟ್ರೈಬರ್‌ನ ಕೊನೆಯ ಸಾಲನ್ನು ಪೂರ್ತಿ ಕಳಚಿ ಮನೆಯಲ್ಲೇ ಇಡಬಹುದು. ಆಗ ಐದು ಜನರ ಹಿಂದೆ 625 ಲೀಟರ್ ಜಾಗ ತೆರೆದುಕೊಳ್ಳುತ್ತದೆ. ಅಂದರೆ ಒಂದು ವರ್ಷವಿಡೀ ಏಳು ಜನರನ್ನು ಒಯ್ಯಬೇಕಾದವರ ಗಾಡಿ, ಇನ್ನೊಂದು ಆಗಾಗ್ಗೆ ಮಾತ್ರ ಒಯ್ಯಬೇಕಾದವರದು.

ಎಂಜಿನ್ನಿನ ಲೆಕ್ಕವೂ ಇದೆ. ಸರಾಸರಿ 65 ಕಿಲೊ ತೂಗುವ ಏಳು ಜನ ಕುಳಿತರೆ 455 ಕಿಲೊ. ಟ್ರೈಬರ್‌ನ ಸ್ವಂತ ತೂಕವೇ ಸುಮಾರು 950 ಕಿಲೊ. ತನ್ನ ಅರ್ಧದಷ್ಟು ಭಾರ ಹೊತ್ತು, ಎ.ಸಿ. ಹಾಕಿಕೊಂಡು, ಒಂದು ಲೀಟರ್ ಎಂಜಿನ್ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಏರಬೇಕು. ಏರುತ್ತದೆ, ಆದರೆ ಕೆಳಗಿನ ಗೇರಿನಲ್ಲಿ, ನಿಧಾನವಾಗಿ. ಅಲ್ಲಿ ಲಾರಿಗಳನ್ನು ಹಿಂದಿಕ್ಕುವ ಆತುರ ಒಳ್ಳೆಯದಲ್ಲ.

ಚಿಕ್ಕ ಮನೆ, ದೊಡ್ಡ ಗಾಡಿ

ಇಲ್ಲೊಂದು ವಿಚಿತ್ರವಿದೆ. ಕೂಡು ಕುಟುಂಬಗಳು ಒಡೆದು ಮನೆಗಳು ಚಿಕ್ಕದಾಗುತ್ತಿದ್ದ ವರ್ಷಗಳಲ್ಲೇ ಮೂರು ಸಾಲಿನ ಗಾಡಿಗಳಿಗೆ ಬೇಡಿಕೆ ಬೆಳೆಯಿತು. ಕಾರಣ ದೂರ ಹುಡುಕಬೇಕಾಗಿಲ್ಲ. ಅಣ್ಣ-ತಮ್ಮಂದಿರು ಬೇರೆ ಬೇರೆ ಊರುಗಳಲ್ಲಿದ್ದರೂ ಮನೆದೇವರು ಒಂದೇ. ಗೌರಿ-ಗಣೇಶ ಹಬ್ಬ, ಧರ್ಮಸ್ಥಳದ ಹರಕೆ, ಸವದತ್ತಿ ಎಲ್ಲಮ್ಮನ ಜಾತ್ರೆ, ತಂಗಿಯ ಮಗಳ ಮದುವೆ: ಈ ದಿನಗಳಲ್ಲಿ ಒಡೆದ ಕುಟುಂಬ ಮತ್ತೆ ಕೂಡುತ್ತದೆ. ದೊಡ್ಡ ಗಾಡಿಯನ್ನು ಅನೇಕರು ಕೊಳ್ಳುವುದು ಈ ಕೆಲವು ದಿನಗಳಿಗಾಗಿ. ಉಳಿದ ದಿನಗಳಲ್ಲಿ ಅದು ಇಬ್ಬರನ್ನು ಕಚೇರಿಗೆ ಒಯ್ಯುತ್ತದೆ.

ಆದುದರಿಂದ ಮೊದಲು ಮಾಡಬೇಕಾದ ಲೆಕ್ಕ ಕ್ಯಾಲೆಂಡರಿನದು. ವರ್ಷದಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಹೊರಡುವ ದಿನಗಳು ಹತ್ತು ಮೀರದಿದ್ದರೆ ಐದು ಸೀಟಿನ ಕಾರು ಇಟ್ಟುಕೊಂಡು, ಆ ದಿನಗಳಿಗೆ ಹಳದಿ ಬೋರ್ಡಿನ ಗಾಡಿ ಬಾಡಿಗೆಗೆ ಪಡೆಯುವುದು ಅಗ್ಗ. ಅಜ್ಜ-ಅಜ್ಜಿ ಮನೆಯಲ್ಲೇ ಇದ್ದು, ಆಸ್ಪತ್ರೆಗೆ, ಊರಿಗೆ ಎಲ್ಲರೂ ಕೂಡಿಯೇ ಓಡಾಡುವವರಾದರೆ ಮೂರನೇ ಸಾಲಿಗೆ ಕೊಟ್ಟ ಹಣ ವ್ಯರ್ಥವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಹಣಕ್ಕೂ ಅನ್ವಯಿಸುತ್ತದೆ, ಕಾಲಿಗೂ ಅನ್ವಯಿಸುತ್ತದೆ.

ಲೆಕ್ಕಕ್ಕೆ ಬಂದ ಮಕ್ಕಳು

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ 194-ಬಿ ಎಂಬ ಕಲಮು ಸೇರಿತು. ಸೀಟ್ ಬೆಲ್ಟ್ ಹಾಕದವರಿಗೆ ಸಾವಿರ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ಗಾಡಿ ಓಡಿಸಿದರೂ ಅಷ್ಟೇ ದಂಡ. ತೊಡೆಯ ಮೇಲಿದ್ದ ಮಗುವನ್ನು ಕಾನೂನು ಹೀಗೆ ಒಬ್ಬ ಪ್ರಯಾಣಿಕನೆಂದು ಎಣಿಸಿತು. ದಂಡಕ್ಕಿಂತ ದೊಡ್ಡ ಕಾರಣವೂ ಉಂಟು. ಅರವತ್ತು ಕಿಲೊಮೀಟರ್ ವೇಗದಲ್ಲಿ ಗಾಡಿ ಗಕ್ಕನೆ ಅಪ್ಪಳಿಸಿ ನಿಂತರೆ ಮಡಿಲಲ್ಲಿರುವ ಮಗುವನ್ನು ಎಂಥ ತಾಯಿಯ ಕೈಯೂ ಹಿಡಿದಿಡಲಾರದು.

ಮೂರನೇ ಸಾಲಿಗೆ ಇನ್ನೂ ಒಂದು ಅಪಾಯವಿದೆ. ಚಿಕ್ಕ ಗಾಡಿಗಳಲ್ಲಿ ಅಲ್ಲಿ ಕುಳಿತವರ ತಲೆಗೂ ಹಿಂಬಾಗಿಲ ಗಾಜಿಗೂ ನಡುವೆ ಅಂತರ ಬಹಳ ಕಡಿಮೆ. ಹಿಂದಿನಿಂದ ಲಾರಿ ಗುದ್ದಿದರೆ ಪೆಟ್ಟು ಮೊದಲು ಅವರಿಗೇ. ಮಕ್ಕಳಿಗೆ ಹಿಂದಿನ ಸೀಟು ಸಾಕು ಎಂದು ನಾವು ಹೇಳುವಾಗ ಮನೆಯ ಎಳೆಯರನ್ನು ಎಲ್ಲಿ ಕೂರಿಸುತ್ತಿದ್ದೇವೆ ಎಂಬುದನ್ನು ಯೋಚಿಸಬೇಕು. ಮಕ್ಕಳೂ ವೃದ್ಧರೂ ನಡುವಿನ ಸಾಲಿಗೆ ಬಂದು, ಗಟ್ಟಿಮುಟ್ಟಾದ ಯುವಕರು ಹಿಂದಕ್ಕೆ ಹೋಗುವುದು ನ್ಯಾಯ.

ಕೊಳ್ಳುವ ಮುನ್ನ

ಷೋರೂಮಿನಲ್ಲಿ ಎಲ್ಲರೂ ಮೊದಲು ಚಾಲಕನ ಸೀಟಿನಲ್ಲಿ ಕೂತು ನೋಡುತ್ತಾರೆ. ದೊಡ್ಡ ಕುಟುಂಬದವರು ಪರೀಕ್ಷೆಯನ್ನು ಹಿಂದಿನಿಂದ ಆರಂಭಿಸಬೇಕು. ಮನೆಯ ಅತಿ ಎತ್ತರದವರು ಮೂರನೇ ಸಾಲಿನಲ್ಲಿ ಕನಿಷ್ಠ ಹದಿನೈದು ನಿಮಿಷ ಕೂರಲಿ. ಮೊಣಕಾಲು ಎದೆಗೆ ತಾಗುತ್ತದೆಯೇ, ತಲೆ ಚಾವಣಿಗೆ ತಾಗುತ್ತದೆಯೇ ಎಂದು ನೋಡಲಿ. ಪ್ರತಿ ಸೀಟಿಗೂ ಬೆಲ್ಟ್ ಇದೆಯೇ, ಅದು ಹೆಗಲ ಮೇಲಿಂದ ಬರುತ್ತದೆಯೇ ಅಥವಾ ಸೊಂಟಕ್ಕೆ ಮಾತ್ರವೇ, ತಲೆಗೆ ಆಸರೆ ಇದೆಯೇ, ಎ.ಸಿ. ಗಾಳಿ ಅಲ್ಲಿಯವರೆಗೆ ಬರುತ್ತದೆಯೇ ಎಂದು ಎಣಿಸಿ ನೋಡಬೇಕು.

ಸಿಎನ್‌ಜಿ ಮಾದರಿ ಕೊಳ್ಳುವವರು ಸಿಲಿಂಡರ್ ಎಲ್ಲಿ ಕೂರುತ್ತದೆಂದು ಕೇಳಬೇಕು. ಇಂಧನದಲ್ಲಿ ಉಳಿಸಿದ್ದನ್ನು ಅದು ಡಿಕ್ಕಿಯ ಜಾಗದಲ್ಲಿ ವಸೂಲಿ ಮಾಡುತ್ತದೆ. ಆಗ ಸಾಮಾನು ಚಾವಣಿಯ ಕ್ಯಾರಿಯರ್‌ಗೆ ಏರುತ್ತದೆ. ಮೇಲ್ಭಾರ ಹೆಚ್ಚಿದ ಗಾಡಿ ತಿರುವುಗಳಲ್ಲಿ ತೂಗಾಡುತ್ತದೆ.

ಹಳೆಯ ಗಾಡಿ ಕೊಳ್ಳುವವರಿಗೆ ಇನ್ನೆರಡು ಮಾತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅನಂತರ ಗಾಡಿಯನ್ನು ಆರ್‌ಟಿಒ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಹನ್ನೆರಡು ವರ್ಷದ ಗಾಡಿ ಅಗ್ಗವಾಗಿ ಸಿಕ್ಕಿದಾಗ ಈ ಖರ್ಚನ್ನೂ ಸೇರಿಸಿ ನೋಡಬೇಕು. ಟ್ಯಾಕ್ಸಿಯಾಗಿ ಓಡಿ, ಬಳಿಕ ಬಿಳಿ ಬೋರ್ಡ್‌ಗೆ ಬದಲಾದ ಗಾಡಿಯೇ ಎಂಬುದನ್ನು ಆರ್‌ಸಿ ಪುಸ್ತಕದಿಂದ ತಿಳಿಯಬಹುದು. ಸೀಟುಗಳ ಸಂಖ್ಯೆಯೂ ಅದರಲ್ಲಿರುತ್ತದೆ. ಗ್ಯಾರೇಜಿನಲ್ಲಿ ಹೆಚ್ಚುವರಿಯಾಗಿ ಕೂರಿಸಿದ ಸೀಟು ಅದರಲ್ಲಿರದಿದ್ದರೆ ಅಪಘಾತದ ನಂತರ ವಿಮೆಯವರೊಡನೆ ವಾದಕ್ಕೆ ಅದೇ ಮೂಲವಾದೀತು.

ಕೊನೆಯ ಪರೀಕ್ಷೆ ಮನೆಯ ಹಿರಿಯರದು. ಕಾರು ನೋಡಲು ಹೋಗುವಾಗ ಅಜ್ಜಿಯನ್ನೂ ಕರೆದೊಯ್ಯಬೇಕು. ಸೀರೆ ಉಟ್ಟು, ಮಂಡಿ ನೋವಿನೊಡನೆ, ಯಾರ ಕೈಯನ್ನೂ ಹಿಡಿಯದೆ ಅವರು ಹತ್ತಿ ಇಳಿಯಬಲ್ಲರೇ? ಹತ್ತುವಾಗ ಅವರು ಮಾತಾಡದೆ ಸುಮ್ಮನಾದರೆ ಆ ಗಾಡಿಯನ್ನು ಬಿಟ್ಟು ಮುಂದಿನದನ್ನು ನೋಡುವುದು ಒಳ್ಳೆಯದು. ನಾಳೆ ಪ್ರಯಾಣದ ದಿನ ‘ನೀವು ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ’ ಎಂದು ಹಿಂದೆ ಉಳಿಯುವವರು ಅವರೇ.