ಪಿಟೀಲಿನ ಎದೆಹಲಗೆ

ಮೈಕು ಇಲ್ಲದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡದ್ದು, ಕಛೇರಿಯ ಕೊನೆಯ ಸಾಲಿಗೂ ದನಿ ಮುಟ್ಟಲಿ ಎಂದು. ಆದರೆ ತಂತಿಯ ದನಿ ತೀರಾ ಸಣ್ಣದು. ಅದನ್ನು ಹಿಗ್ಗಿಸಿ ಗಾಳಿಗೆ ಬಿಡುವುದು, ತಂತಿಗಳನ್ನು ಹೊರುವ ‘ಕುದುರೆ’ಯ ಕೆಳಗಿನ ಹಲಗೆ. ದಪ್ಪ ಮೂರು ಮಿಲಿಮೀಟರ್ ಆಸುಪಾಸು, ಮರ ಸ್ಪ್ರೂಸ್. ವೀಣೆಗೆ ಹಲಸು ಹೇಗೋ ಪಿಟೀಲಿಗೆ ಇದು ಹಾಗೆ.

ಸ್ಪ್ರೂಸ್ ನಮ್ಮ ಮಲೆನಾಡಿನದಲ್ಲ, ಚಳಿ ಸೀಮೆಯ ಸೂಜಿಯೆಲೆಯ ಮರ. ಉತ್ತರ ಇಟಲಿಯ ಪಾನೆವೆಜ್ಜೊ ಕಾಡಿನ ಸ್ಪ್ರೂಸ್ ಎಂದರೆ ವಾದ್ಯ ಮಾಡುವವರಿಗೆ ಬಲು ಅಕ್ಕರೆ. ಕ್ರೆಮೋನಾದ ಸ್ಟ್ರಾಡಿವರಿ ತನ್ನ ಪಿಟೀಲುಗಳಿಗೆ ಅಲ್ಲಿಯ ಮರವನ್ನೇ ಆರಿಸುತ್ತಿದ್ದ ಎಂಬ ಪ್ರತೀತಿಯಿದೆ. ಬೆಟ್ಟದ ಮೇಲೆ ಬೇಸಿಗೆ ಬೇಗ ಮುಗಿಯುವುದರಿಂದ ಮರ ನಿಧಾನವಾಗಿ ಬಲಿಯುತ್ತದೆ. ವರ್ಷವರ್ಷದ ಉಂಗುರಗಳು ಒಂದೊಂದು ಮಿಲಿಮೀಟರ್ ಅಂತರದಲ್ಲಿ, ಗೆರೆ ಎಳೆದಂತೆ ಒತ್ತಾಗಿ ಕೂರುತ್ತವೆ.

ತೂಕ ನೀರಿನ ಅರ್ಧಕ್ಕಿಂತ ಕಡಿಮೆ, ಆದರೂ ಎಳೆಯುದ್ದಕ್ಕೆ ಬಲು ಬಿಗಿ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಸಾಗುವ ಶಬ್ದ, ಈ ಎಳೆಗಳ ಗುಂಟ 5,000 ಮೀಟರ್ ದಾಟುತ್ತದೆ. 1903ರಲ್ಲಿ ರೈಟ್ ಸಹೋದರರು ವಿಮಾನದ ಚೌಕಟ್ಟಿಗೆ ಸ್ಪ್ರೂಸ್ ಬಳಸಿದ್ದೂ ಈ ಹಗುರ ಮತ್ತು ಬಿಗಿತನಕ್ಕಾಗಿಯೇ.

ದಿಮ್ಮಿಯನ್ನು ಕಲ್ಲಂಗಡಿ ಹೋಳಿನಂತೆ ತಿರುಳಿನಿಂದ ಹೊರಕ್ಕೆ ಸೀಳಿ, ವರ್ಷಗಟ್ಟಲೆ ನೆರಳಲ್ಲಿ ಆರಿಸುತ್ತಾರೆ. ಆಮೇಲೆ ಹೋಳನ್ನು ಎರಡು ಮಾಡಿ, ಪುಸ್ತಕ ತೆರೆದಂತೆ ಬಿಡಿಸಿ, ದಪ್ಪ ಅಂಚುಗಳನ್ನು ಕೂಡಿಸಿ ಅಂಟು ಹಾಕುತ್ತಾರೆ. ಹೆಬ್ಬೆರಳಷ್ಟು ಪುಟ್ಟ ಉಜ್ಜುಗೊರಡಿನಲ್ಲಿ ಒಂದಿಷ್ಟು ಹೆರೆಯುವುದು, ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು, ಮತ್ತೆ ಹೆರೆಯುವುದು. ನನ್ನ ಮಟ್ಟಿಗೆ ಇಡೀ ಕಸುಬಿನ ಜೀವ ಇರುವುದು ಈ ತಟ್ಟುವಿಕೆಯಲ್ಲಿ. ಪಿಟೀಲಿನ ಒಳಗೆ ಅಂಟಿನ ಹಂಗಿಲ್ಲದೆ ನಿಲ್ಲುವ ಪುಟ್ಟ ಕಡ್ಡಿಯೂ ಸ್ಪ್ರೂಸೇ. ಇಟಲಿಯವರು ಅದನ್ನು ‘ಅನಿಮಾ’, ಅಂದರೆ ಆತ್ಮ, ಎನ್ನುತ್ತಾರೆ.

ಗಿಟಾರಿನ ಮೇಲ್ಹಲಗೆಗೂ ಈ ಮರವೇ ಪ್ರಿಯ. ಕಡಿಮೆ ಬೆಲೆಯವುಗಳಲ್ಲಿ ಮಾತ್ರ ಸಾಮಾನ್ಯವಾಗಿ ಪ್ಲೈವುಡ್ ಮೇಲೆ ಸ್ಪ್ರೂಸಿನ ತೆಳು ವೆನೀರ್ ಅಂಟಿಸಿರುತ್ತಾರೆ. ಅದನ್ನು ಮೋಸ ಎನ್ನಲಾರೆ. ಪದರಗಳ ಎಳೆ ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಬಿಸಿಲಿಗೂ ಥಂಡಿಗೂ ಹಲಗೆ ಸುಲಭಕ್ಕೆ ಬಿರುಕು ಬಿಡದು; ಕಲಿಯುವವರಿಗೆ ಅದು ಸಾಕು. ಆದರೆ ಇಡಿ ಹಲಗೆಯ ತುಂಬುದನಿ ಅದಕ್ಕೆ ಬಾರದು. ಕೊಳ್ಳುವ ಮುನ್ನ ನಡುವಿನ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಇಡಿ ಮರ, ಅಡ್ಡ ಪದರಗಳು ಕಂಡರೆ ವೆನೀರ್.