ಸಣ್ಣ ಗಾಯದ ಆಪರೇಷನ್‌ನಿಂದ ಸೊಂಟನೋವು ಶಾಶ್ವತವಾಗಿ ಹೋಗುತ್ತದೆಯೇ?

‘ದೊಡ್ಡ ಗಾಯವಿಲ್ಲ, ಎರಡೇ ದಿನದಲ್ಲಿ ಮನೆಗೆ, ಸೊಂಟನೋವಿಗೆ ಶಾಶ್ವತ ಪರಿಹಾರ’ ಎನ್ನುವಂಥ ಸಂದೇಶಗಳು ನಮ್ಮೆಲ್ಲರ ಮೊಬೈಲ್‌ಗೆ ಬರುತ್ತಿರುತ್ತವೆ. ‘ಬೆನ್ನಿಗೆ ಕತ್ತರಿ ಹಾಕಿಸಿದರೆ ಹಾಸಿಗೆ ಹಿಡಿಯುವುದು ಗ್ಯಾರಂಟಿ’ ಎಂದು ಹೆದರಿಸುವ ಫಾರ್ವರ್ಡ್‌ಗಳೂ ಇವೆ. ಎರಡರಲ್ಲಿ ಯಾವುದು ನಿಜ?

ಏನಿದು ಆಪರೇಷನ್?

ನಮ್ಮ ಸೊಂಟದಲ್ಲಿ ಐದು ಬೆನ್ನುಮೂಳೆಗಳು ಒಂದರ ಮೇಲೊಂದು ಕೂತಿವೆ. ಅವುಗಳ ನಡುವೆ ಮೆತ್ತೆಯಂತೆ ಡಿಸ್ಕ್‌ಗಳಿವೆ. ಸ್ಪೈನಲ್ ಫ್ಯೂಷನ್ ಎಂದರೆ ಅಕ್ಕಪಕ್ಕದ ಮೂಳೆಗಳನ್ನು ಒಂದಾಗಿ ಬೆಸೆಯುವುದು. ಸಾಮಾನ್ಯವಾಗಿ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಯ ಚೂರುಗಳನ್ನು ತುಂಬಿ, ಸ್ಕ್ರೂ ಮತ್ತು ರಾಡ್‌ಗಳಿಂದ ಬಿಗಿಯುತ್ತಾರೆ. ಮೂಳೆ ಬೆಳೆದು ಗಟ್ಟಿಯಾಗಿ ಬೆಸೆದುಕೊಳ್ಳಲು ತಿಂಗಳುಗಳೇ ಬೇಕು.

ಹಳೆಯ ವಿಧಾನದಲ್ಲಿ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಬಿಡಿಸುತ್ತಾರೆ. ಹೊಸ ವಿಧಾನದಲ್ಲಿ ಸ್ನಾಯುಗಳ ನಡುವೆ ಕೊಳವೆ ಇಳಿಸಿ, ಎಕ್ಸ್‌-ರೇ ನೋಡುತ್ತಾ ಅದರ ಮೂಲಕವೇ ಕೆಲಸ ಮಾಡುತ್ತಾರೆ. ದಾರಿ ಬೇರೆ, ಒಳಗೆ ನಡೆಯುವ ಬೆಸುಗೆ ಒಂದೇ.

ಸಣ್ಣ ಗಾಯದಿಂದ ಲಾಭವಿದೆಯೇ?

ಇದೆ. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಹೋಗಬಹುದು, ಮೊದಲ ದಿನಗಳ ನೋವೂ ಕಡಿಮೆ. ಆದರೆ ಒಂದೆರಡು ವರ್ಷಗಳ ನಂತರ ಎರಡೂ ವಿಧಾನದವರನ್ನು ಹೋಲಿಸಿದ ಅಧ್ಯಯನಗಳಲ್ಲಿ ನೋವು, ಓಡಾಟ, ಮೂಳೆ ಬೆಸೆದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಹಾಗಾದರೆ ಸೊಂಟನೋವು ಹೋಗುತ್ತದೆಯೇ?

2001ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನದಲ್ಲಿ ದೀರ್ಘಕಾಲದ ಸೊಂಟನೋವಿನ 294 ಮಂದಿ ಇದ್ದರು. ಎರಡು ವರ್ಷಗಳ ನಂತರ ಫ್ಯೂಷನ್ ಆದವರಲ್ಲಿ ಶೇ. 63 ಮಂದಿ ‘ಮೊದಲಿಗಿಂತ ಪರವಾಗಿಲ್ಲ’ ಎಂದರು. ಆಪರೇಷನ್ ಇಲ್ಲದೆ ಸಾಮಾನ್ಯ ಫಿಸಿಯೋಥೆರಪಿ ಪಡೆದವರಲ್ಲಿ ಇದು ಶೇ. 29. ಆದರೂ ನೋವಿನ ಪ್ರಮಾಣ ಸರಾಸರಿ ಮೂರನೇ ಒಂದರಷ್ಟು ತಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ.

2005ರಲ್ಲಿ ಬ್ರಿಟನ್‌ನ ಸಂಶೋಧಕರು 349 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಇಲ್ಲಿ ಆಪರೇಷನ್ ಇಲ್ಲದ ಗುಂಪಿಗೆ ಕ್ರಮಬದ್ಧ ವ್ಯಾಯಾಮದ ಜೊತೆಗೆ, ನೋವಿನ ಭಯ ಬಿಡಿಸುವ ತರಬೇತಿಯನ್ನೂ ಕೊಟ್ಟಿದ್ದರು. ಎರಡೂ ಗುಂಪಿನವರು ಸುಧಾರಿಸಿದರು, ವ್ಯತ್ಯಾಸ ಅಲ್ಪವೇ ಇತ್ತು. ಬರೀ ಸೊಂಟನೋವಿಗೆ ಸಂಶೋಧನೆಯ ಹೊರಗೆ ಫ್ಯೂಷನ್ ಮಾಡಬೇಡಿ ಎಂದು ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ಸಲಹೆ ನೀಡಿತು.

ಎಂಆರ್‌ಐಯಲ್ಲಿ ಡಿಸ್ಕ್ ಸವೆದಿದ್ದರೆ?

ಅದೊಂದೇ ಕಾರಣ ಸಾಲದು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇ. 37, 50 ವರ್ಷದವರಲ್ಲಿ ಶೇ. 80 ಮಂದಿಯ ಡಿಸ್ಕ್ ಸವೆದಿತ್ತು. ತಲೆಗೂದಲು ನರೆತಂತೆ ಡಿಸ್ಕ್ ಸವೆಯುವುದೂ ವಯಸ್ಸಿನ ಲಕ್ಷಣ.

ಯಾರಿಗೆ ಫ್ಯೂಷನ್ ಬೇಕಾಗಬಹುದು?

ಮೂಳೆ ಜಾರಿ ಅಲುಗಾಡುತ್ತಿದ್ದರೆ ಅಥವಾ ಪೆಟ್ಟು, ಸೋಂಕು, ಗೆಡ್ಡೆಯಿಂದ ಬೆನ್ನುಮೂಳೆ ತನ್ನ ಆಧಾರ ಕಳೆದುಕೊಂಡಿದ್ದರೆ ಬೇಕಾಗಬಹುದು. ಅಂಥವರು ಹೆದರಿಸುವ ಫಾರ್ವರ್ಡ್ ನಂಬಿ ಹಿಂಜರಿಯಬಾರದು. ಸೋಂಕು, ನರಕ್ಕೆ ಹಾನಿ, ಮೂಳೆ ಬೆಸೆಯದಿರುವುದು ಮುಂತಾದ ಅಪಾಯಗಳು ಇವೆ, ಆದರೆ ಹಾಸಿಗೆ ಹಿಡಿಯುವುದು ಗ್ಯಾರಂಟಿ ಎಂಬುದು ಸುಳ್ಳು. ಧೂಮಪಾನ ಮಾಡುವವರಲ್ಲಿ ಮೂಳೆ ಬೆಸೆಯುವುದು ಕಷ್ಟ, ಹಾಗಾಗಿ ಮೊದಲೇ ಬಿಡುವುದು ಒಳ್ಳೆಯದು.

ಸಾಲ ಮಾಡಿ ಆಪರೇಷನ್‌ಗೆ ಹೊರಡುವ ಮುನ್ನ ವೈದ್ಯರನ್ನು ಹೀಗೆ ಕೇಳಿ: ನನ್ನ ನೋವಿಗೆ ಕಾರಣ ಇದೇ ಎಂದು ಹೇಗೆ ಗೊತ್ತಾಯಿತು? ಬೆಸೆಯುವುದು ಏಕೆ ಬೇಕು? ವ್ಯಾಯಾಮವನ್ನು ಸರಿಯಾಗಿ ಮಾಡಿ ನೋಡಿದ್ದೇನೆಯೇ? ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲೂ ಸಂಕೋಚ ಬೇಡ.

ಆದರೆ ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಕಾಲು ಬಲ ಕಳೆದುಕೊಳ್ಳುತ್ತಿದ್ದರೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.